ಬೆಟ್ಟದ ತಾಯಿಯೂ ಕೈಮುಗಿದು ನಿಂತ ದೊರೆಯೂ

ಮೈಸೂರಿನ ಆಗ್ನೇಯ ದಿಕ್ಕಿಗೆ, ಸಮುದ್ರಮಟ್ಟದಿಂದ ಸುಮಾರು 1,060 ಮೀಟರ್ ಎತ್ತರದಲ್ಲಿರುವ ಚಾಮುಂಡಿಬೆಟ್ಟವು ಎತ್ತರದ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ಪರ್ವತವೇನೂ ಅಲ್ಲವಾದರೂ, ಸುತ್ತಲ ಬಯಲು ಮಟ್ಟಸವಾಗಿರುವುದರಿಂದ ನಗರದ ಯಾವ ಬೀದಿಯ ತುದಿಗೆ ಬಂದರೂ ಎಲ್ಲೋ ಒಂದು ಕಡೆ ಕಣ್ಣಿಗೆ ಬೀಳುತ್ತದೆ. ಮನೆಯ ಮಾಳಿಗೆಯ ಮೇಲೆ ನಿಂತು ಬೆಳಗ್ಗೆ ಆ ಕಡೆಗೊಮ್ಮೆ ಕೈಮುಗಿಯುವುದು, ಹೊಸದಾಗಿ ಕೊಂಡ ಗಾಡಿಯನ್ನು ಮೊದಲು ಅಲ್ಲಿಗೆ ಒಯ್ದು ಪೂಜೆ ಮಾಡಿಸುವುದು, ಮದುವೆಯ ಮೊದಲ ಲಗ್ನಪತ್ರಿಕೆಯನ್ನು 'ಬೆಟ್ಟದಮ್ಮ'ನ ಮುಂದಿಟ್ಟು ಬರುವುದು ಮೈಸೂರಿಗರ ಮನೆಗಳಲ್ಲಿ ಯಾರೂ ಕಲಿಸದೆ ಬಂದ ರೂಢಿಗಳು. ಈ ದೇವಿ ಮೈಸೂರು ಒಡೆಯರ ಕುಲದೇವತೆ, ಅಂದರೆ ವಂಶವು ಪೀಳಿಗೆಯಿಂದ ಪೀಳಿಗೆಗೆ ತನ್ನದೆಂದು ಪೂಜಿಸಿಕೊಂಡು ಬಂದ ದೈವ. ಜೊತೆಗೆ ಆಕೆ ನಾಡದೇವತೆಯೂ ಹೌದು. ಈ ಎರಡು ಪದವಿಗಳು ಮೊದಲಿನಿಂದಲೂ ಒಂದೇ ಆಗಿದ್ದವೆಂದು, ವಂಶದ ಮೂಲಪುರುಷ ಯದುರಾಯರು ಮೈಸೂರಿಗೆ ಬಂದರೆನ್ನಲಾದ 1399ರಿಂದ ಇಂದಿನವರೆಗೆ ಈ ನಂಟು ಒಂದೇ ಎಳೆಯಲ್ಲಿ ಬಂದಿದೆಯೆಂದು ನಗರದ ಹಳಬರು ನೆನೆಯುತ್ತಾರೆ. ನೆನಪಿಗೆ ಹಾಗೆ ನೆನೆಯುವ ಹಕ್ಕು ಉಂಟು. ಆದರೆ ಬೆಟ್ಟದ ಮೇಲಿನ ಕಲ್ಲುಗಳು ಹೇಳುವ ಕಥೆಯಲ್ಲಿ ಬಹಳಷ್ಟು ಪದರಗಳಿವೆ.

ಬೆಟ್ಟದ ಹಳೆಯ ದೇವರು ಚಾಮುಂಡೇಶ್ವರಿಯಲ್ಲ, ಶಿವ. ದೇವಿಯ ಗುಡಿಗೆ ಸಮೀಪದಲ್ಲೇ ಇರುವ ಮಹಾಬಲೇಶ್ವರ ದೇವಾಲಯವು ಬೆಟ್ಟದ ಗುಡಿಗಳಲ್ಲೆಲ್ಲ ಪ್ರಾಚೀನವಾದದ್ದು. ಅದರಿಂದಲೇ ಬೆಟ್ಟಕ್ಕೆ ಮಹಾಬಲಾದ್ರಿ ಎಂಬ ಹೆಸರಿತ್ತು, ಶಾಸನಗಳಲ್ಲಿ ಅದು 'ಮಬ್ಬೆಲ ತೀರ್ಥ', 'ಮಾರ್ಬಳ ತೀರ್ಥ' ಎಂಬ ರೂಪಗಳಲ್ಲಿ ಕಾಣಿಸಿಕೊಳ್ಳುತ್ತದೆ. ಹೊಯ್ಸಳ ವಿಷ್ಣುವರ್ಧನನ ಕಾಲದಲ್ಲಿ, 1128ರಲ್ಲಿ, ಈ ತೀರ್ಥಕ್ಕೆ ದತ್ತಿ ಸಂದಿತ್ತು. ಆಗ ಮೈಸೂರಿನ ಒಡೆಯರೆಂಬ ಮನೆತನವೇ ಇರಲಿಲ್ಲ. ಇಂದು ದೇವಿಯ ದರ್ಶನಕ್ಕೆಂದು ಗಂಟೆಗಟ್ಟಲೆ ಸರದಿಯಲ್ಲಿ ನಿಂತವರಲ್ಲಿ ಹೆಚ್ಚಿನವರು ಹತ್ತು ಹೆಜ್ಜೆ ಆಚೆಗಿರುವ ಮಹಾಬಲೇಶ್ವರನ ಕಡೆಗೆ ತಿರುಗಿಯೂ ನೋಡದೆ ಇಳಿದುಹೋಗುವುದನ್ನು ಕಂಡರೆ, ದೇವರಿಗೂ ಅರಸರ ಆಶ್ರಯ ಎಷ್ಟು ಮುಖ್ಯವೆಂಬುದು ಅರ್ಥವಾಗುತ್ತದೆ.

ಒಡೆಯರ ಮನೆತನ ಬೆಟ್ಟಕ್ಕೆ ಮಾಡಿಸಿದ ಮೊದಲ ದೊಡ್ಡ ಕೆಲಸವೂ ಶಿವನ ನೆನಪನ್ನೇ ಹೊತ್ತಿದೆ. 1659ರಿಂದ 1673ರವರೆಗೆ ಆಳಿದ ದೊಡ್ಡ ದೇವರಾಜ ಒಡೆಯರು ಬೆಟ್ಟದ ಬುಡದಿಂದ ನೆತ್ತಿಯವರೆಗೆ ಕಲ್ಲಿನ ಮೆಟ್ಟಿಲುಗಳನ್ನು ಹಾಕಿಸಿದರು; ಜನರ ಬಾಯಲ್ಲಿ ಅವು 'ಸಾವಿರ ಮೆಟ್ಟಿಲು'. ಮೂರರಲ್ಲಿ ಎರಡು ಪಾಲು ಹತ್ತಿದ ಮೇಲೆ ಸಿಕ್ಕುವ ಏಕಶಿಲೆಯ ನಂದಿ, ಅಂದರೆ ಒಂದೇ ಬಂಡೆಯಲ್ಲಿ ಕಡೆದ ಬಸವ, ಸುಮಾರು 15 ಅಡಿ ಎತ್ತರವೂ 24 ಅಡಿ ಉದ್ದವೂ ಉಳ್ಳದ್ದು; ಕೊರಳಿನ ಗಂಟೆಗಳ ಸಾಲು, ಒಂದರ ಮೇಲೊಂದು ಇಳಿಬಿದ್ದ ಹಾರಗಳು, ಮಡಿಸಿ ಕುಳಿತ ಮುಂಗಾಲು ಎಲ್ಲವೂ ಅಭ್ಯಂಜನದ ಎಣ್ಣೆಗೆ ಕಪ್ಪಾಗಿ ಮಿರುಗುತ್ತವೆ. ದೇವಿಯ ಬೆಟ್ಟಕ್ಕೆ ದಾರಿ ಮಾಡಿಸಿದ ದೊರೆ ಸಿಂಹವನ್ನು ಕಡೆಸದೆ ಶಿವನ ವಾಹನವಾದ ಬಸವನನ್ನು ಕಡೆಸಿದನೆಂಬುದು ಗಮನಿಸಬೇಕಾದ ಸಂಗತಿ. ಹದಿನೇಳನೆಯ ಶತಮಾನದಲ್ಲಿಯೂ ಅರಮನೆಯ ಕಣ್ಣಿಗೆ ಇದು ಮಹಾಬಲನ ಬೆಟ್ಟವಾಗಿಯೇ ಉಳಿದಿತ್ತೆಂದು ಇದರಿಂದ ಊಹಿಸಿದರೆ ತಪ್ಪಾಗದು.

ಹಾಗೆಂದು ದೇವಿ ಆಗ ಇರಲೇ ಇಲ್ಲವೆಂದೇನೂ ಅಲ್ಲ. ಹದಿನಾರನೆಯ ಶತಮಾನದ ಚಾಮರಾಜ ಒಡೆಯರೊಬ್ಬರು ಬೆಟ್ಟದ ಮೇಲೆ ದೇವಿಯ ಪೂಜೆಗೆ ಹೋಗಿದ್ದಾಗ ಸಿಡಿಲು ಬಡಿದು, ತಲೆಗೂದಲು ಮಾತ್ರ ಸುಟ್ಟು ಪ್ರಾಣ ಉಳಿಯಿತೆಂದೂ, ಆದ್ದರಿಂದಲೇ ಅವರಿಗೆ 'ಬೋಳ ಚಾಮರಾಜ'ರೆಂಬ ಹೆಸರು ಬಂತೆಂದೂ ಅರಮನೆಯ ಪರಂಪರೆ ಹೇಳುತ್ತದೆ. ಮೈಸೂರಿನ ಅಜ್ಜಿಯರು ಮೊಮ್ಮಕ್ಕಳಿಗೆ ಬಹಳ ಇಷ್ಟದಿಂದ ಹೇಳುತ್ತಿದ್ದ ಕಥೆಯಿದು. ದೊರೆಯೊಬ್ಬ ಬೋಳುತಲೆಯಾದನೆಂಬ ನಗೆಯೂ ತಾಯಿ ಕಾಪಾಡಿದಳೆಂಬ ಭಯಭಕ್ತಿಯೂ ಅದರಲ್ಲಿ ಒಟ್ಟಿಗೆ ಇದ್ದವು. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಶ್ರೀರಂಗಪಟ್ಟಣವನ್ನು ಪಡೆದು, ಅದೇ ವರ್ಷ ಅಲ್ಲಿ ನವರಾತ್ರಿಯ ಉತ್ಸವವನ್ನು ಆರಂಭಿಸಿದಾಗ, ಹಂಪಿಯ ಅರಸರು ಮಹಾನವಮಿ ದಿಬ್ಬದ ಮೇಲೆ ನಡೆಸುತ್ತಿದ್ದ ಸಂಭ್ರಮದ ವಾರಸುದಾರಿಕೆಯನ್ನೂ ಜೊತೆಗೆ ಪಡೆದಂತಾಯಿತು. ಒಂಬತ್ತು ದಿನ ದೇವಿಯ ಆರಾಧನೆ, ಆಯುಧಗಳಿಗೆ ಪೂಜೆ, ಹತ್ತನೆಯ ದಿನ ಬನ್ನಿಯ ಮರದವರೆಗೆ ಸೈನ್ಯಸಮೇತ ಮೆರವಣಿಗೆ ಎಂಬ ಈ ಕ್ರಮದಲ್ಲಿ ದೇವಿಯ ವಿಜಯವೂ ದೊರೆಯ ವಿಜಯವೂ ಬೇರೆಬೇರೆಯಾಗಿ ಕಾಣದಂತೆ ಹೆಣೆದುಕೊಂಡಿದ್ದವು.

ಈ ಹೆಣಿಗೆಯ ಹಿಂದೆ ಒಂದು ಗ್ರಂಥವಿದೆ. ಮಾರ್ಕಂಡೇಯ ಪುರಾಣದ ಭಾಗವಾದ, ಸಪ್ತಶತೀ ಎಂದೂ ಕರೆಯಲಾಗುವ 'ದೇವೀ ಮಹಾತ್ಮ್ಯೆ'ಯನ್ನು ಜನ ಮಹಿಷಾಸುರನ ವಧೆಯ ಕಥೆಯೆಂದು ನೆನೆಯುತ್ತಾರೆ; ಅದನ್ನು ಸುತ್ತುವರಿದ ಚೌಕಟ್ಟಿನ ಕಥೆ ಸುರಥನೆಂಬ ರಾಜನದು ಎಂಬುದು ಅಷ್ಟಾಗಿ ನೆನಪಿಗೆ ಬರುವುದಿಲ್ಲ. ಶತ್ರುಗಳಿಗೆ ಸೋತು, ಮಂತ್ರಿಗಳಿಂದಲೇ ವಂಚಿತನಾಗಿ, ಬೇಟೆಯ ನೆಪದಲ್ಲಿ ಒಬ್ಬನೇ ಕುದುರೆಯೇರಿ ಕಾಡು ಸೇರಿದ ಆ ರಾಜ, ಮೇಧಸ್ ಎಂಬ ಋಷಿಯ ಆಶ್ರಮದಲ್ಲಿ ದೇವಿಯ ಮಹಿಮೆಯನ್ನು ಕೇಳಿ, ನದಿಯ ದಂಡೆಯಲ್ಲಿ ಮಣ್ಣಿನ ಮೂರ್ತಿ ಮಾಡಿ ಮೂರು ವರ್ಷ ಪೂಜಿಸಿ, ಕಳೆದುಕೊಂಡ ರಾಜ್ಯವನ್ನು ವರವಾಗಿ ಪಡೆಯುತ್ತಾನೆ. ಗೆದ್ದ ರಾಜನಿಗಿಂತ ರಾಜ್ಯ ಕಳೆದುಕೊಂಡ ರಾಜನಿಗೆ ಈ ಗ್ರಂಥ ಹೆಚ್ಚು ಹತ್ತಿರದ್ದು. ಮೈಸೂರಿನ ಚರಿತ್ರೆಯಲ್ಲಿ ಸುರಥನನ್ನು ನೆನಪಿಸುವ ದೊರೆಯೊಬ್ಬರಿದ್ದಾರೆ. ಬೆಟ್ಟದ ದೇವಿ ಇಂದು ನಾಡಿಗೆಲ್ಲ ಕಾಣುವ ವೈಭವದಲ್ಲಿ ಬಹುಪಾಲು ಅವರ ಕೈಯಿಂದಲೇ ಆದದ್ದು.

ಮುಮ್ಮಡಿ ಕೃಷ್ಣರಾಜ ಒಡೆಯರು ಹುಟ್ಟಿದ್ದು 1794ರಲ್ಲಿ. ಟಿಪ್ಪು ಸುಲ್ತಾನ್ ಮಡಿದ ಮರುತಿಂಗಳು, 1799ರ ಜೂನ್ 30ರಂದು, ಐದು ವರ್ಷದ ಮಗುವಾಗಿದ್ದಾಗ ಬ್ರಿಟಿಷರು ಅವರನ್ನು ಪಟ್ಟಕ್ಕೆ ಕೂರಿಸಿದರು. ರಾಜ್ಯದ ರಕ್ಷಣೆ ಈಸ್ಟ್ ಇಂಡಿಯಾ ಕಂಪನಿಯ ಕೈಯಲ್ಲಿ, ಆಡಳಿತ ದಿವಾನ್ ಪೂರ್ಣಯ್ಯನವರ ಕೈಯಲ್ಲಿ, ಒಪ್ಪಂದದ ಷರತ್ತುಗಳು ತಲೆಯ ಮೇಲೆ. ಇಂಥ ದೊರೆಗೆ ಯುದ್ಧದಲ್ಲಿ ಗೆದ್ದು ಹೆಸರು ಮಾಡುವ ಅವಕಾಶವೇ ಇರಲಿಲ್ಲ. ಇದ್ದದ್ದು ದರ್ಬಾರು, ದೇವಾಲಯ, ಕಲೆ, ಸಾಹಿತ್ಯ. ಯುರೋಪಿಯನ್ನರಿಗಾಗಿ ದಸರಾದಲ್ಲಿ ಪ್ರತ್ಯೇಕ ದರ್ಬಾರು ನಡೆಯತೊಡಗಿದ್ದು 1805ರಲ್ಲಿ. ಬೆಟ್ಟದ ದೇವಿಯ ಗುಡಿಯನ್ನು ಜೀರ್ಣೋದ್ಧಾರ ಮಾಡಿಸಿ, ಇಂದು ದೂರದಿಂದಲೇ ಕಾಣುವ ಏಳು ನೆಲೆಯ ಗೋಪುರವನ್ನು ಕಟ್ಟಿಸಿದ್ದು 1827ರಲ್ಲಿ. ದೇವಿಗೆ ಸಿಂಹವಾಹನವೇ ಮೊದಲಾದ ಉತ್ಸವದ ವಾಹನಗಳನ್ನು ಮಾಡಿಸಿಕೊಟ್ಟರು. ಸಂಸ್ಕೃತ ಶ್ಲೋಕಗಳನ್ನು ಕೆತ್ತಿದ 'ನಕ್ಷತ್ರಮಾಲಿಕೆ'ಯೆಂಬ ಚಿನ್ನದ ಹಾರವನ್ನು ಅರ್ಪಿಸಿದರು. ಆಷಾಢದ ಕೃಷ್ಣಪಕ್ಷದಲ್ಲಿ ನಡೆಯುವ ಅಮ್ಮನವರ ವರ್ಧಂತಿಯನ್ನು, ಎಂದರೆ ಹುಟ್ಟುಹಬ್ಬವನ್ನು, ಉತ್ಸವಮೂರ್ತಿಯನ್ನು ಈ ದೊರೆ ಪ್ರತಿಷ್ಠಾಪಿಸಿದ ದಿನದೊಂದಿಗೆ ಸಂಪ್ರದಾಯ ಜೋಡಿಸುತ್ತದೆ. ಉತ್ಸವಮೂರ್ತಿಯೆಂದರೆ ಗರ್ಭಗುಡಿಯಿಂದ ಕದಲದ ಮೂಲವಿಗ್ರಹದ ಪರವಾಗಿ ಮೆರವಣಿಗೆಗೆ ಹೊರಡುವ ಲೋಹದ ಮೂರ್ತಿ. ಎಂಟು ತೋಳುಗಳ ಮೂಲವಿಗ್ರಹವನ್ನಾದರೋ ಮಾರ್ಕಂಡೇಯ ಋಷಿಯೇ ಸ್ಥಾಪಿಸಿದನೆಂದು ಸ್ಥಳಪುರಾಣ ಹೇಳುತ್ತದೆ. ಬೆಟ್ಟದ ನಿತ್ಯದ ಪೂಜೆಗೆ ಪುರಾಣದ ಪ್ರಾಚೀನತೆ, ಹಬ್ಬದ ಮೆರವಣಿಗೆಗೆ ಹತ್ತೊಂಬತ್ತನೆಯ ಶತಮಾನದ ದೊರೆ.

1831ರಲ್ಲಿ ಬ್ರಿಟಿಷರು ಆಡಳಿತವನ್ನು ತಾವೇ ವಹಿಸಿಕೊಂಡು ಕಮಿಷನರುಗಳ ಮೂಲಕ ನಡೆಸತೊಡಗಿದರು. ಅಲ್ಲಿಂದ ಮುಂದಿನ 37 ವರ್ಷ ಮುಮ್ಮಡಿಯವರು ಪಟ್ಟವಿದ್ದೂ ರಾಜ್ಯವಿಲ್ಲದ ದೊರೆ. ರಾಜ್ಯವನ್ನು ಮರಳಿ ಕೊಡಿರೆಂದು ಮನವಿಯ ಮೇಲೆ ಮನವಿ ಬರೆಯುತ್ತಲೇ ಅವರು ತಮ್ಮ ಆಸ್ಥಾನವನ್ನು ಪಂಡಿತರಿಂದಲೂ ಚಿತ್ರಕಾರರಿಂದಲೂ ತುಂಬಿದರು. ಅವರ ಹೆಸರಿನಲ್ಲಿ ಸಿದ್ಧವಾದ 'ಶ್ರೀತತ್ತ್ವನಿಧಿ' ದೇವತೆಗಳ ರೂಪಲಕ್ಷಣಗಳನ್ನು ಧ್ಯಾನಶ್ಲೋಕ ಹಾಗೂ ವರ್ಣಚಿತ್ರಗಳೊಡನೆ ಒಂಬತ್ತು ನಿಧಿಗಳಲ್ಲಿ ವಿವರಿಸುವ ಬೃಹತ್ ಸಂಕಲನ. ಅದರಲ್ಲಿ ಮೊದಲನೆಯದು ಶಕ್ತಿನಿಧಿ. ಅವರು ರಚಿಸಿದ ಕೀರ್ತನೆಗಳ ಅಂಕಿತವೂ, ಅಂದರೆ ಕೊನೆಯಲ್ಲಿ ಬರುವ ಮುದ್ರೆಯೂ, ಚಾಮುಂಡಿಯದೇ. 1865ರಲ್ಲಿ ಮಗುವೊಂದನ್ನು ದತ್ತು ತೆಗೆದುಕೊಂಡು, ಆ ದತ್ತುವಿಗೆ ರಾಜ್ಯ ಮರಳುವುದೆಂಬ ಭರವಸೆ ಸಿಕ್ಕ ಮರುವರ್ಷ, 1868ರ ಮಾರ್ಚ್‌ನಲ್ಲಿ ತೀರಿಕೊಂಡರು. 1881ರ ಮಾರ್ಚ್ 25ರಂದು ಆ ಬಾಲಕ, ಚಾಮರಾಜೇಂದ್ರ ಒಡೆಯರು, ಅಧಿಕಾರ ಪಡೆದಾಗ ಸುರಥನಿಗೆ ಸಿಕ್ಕ ವರ ಮೈಸೂರಿನಲ್ಲಿ ಒಂದು ತಲೆಮಾರು ತಡವಾಗಿ ಸಿಕ್ಕಿತೆಂದು ಹೇಳಬಹುದು.

ಬೆಟ್ಟದ ಗುಡಿಯೊಳಗೆ ಮುಮ್ಮಡಿಯವರ ಆಳೆತ್ತರದ ಪ್ರತಿಮೆ ಇಂದಿಗೂ ಇದೆ. ಪಕ್ಕದಲ್ಲಿ ರಮಾವಿಲಾಸ, ಲಕ್ಷ್ಮೀವಿಲಾಸ, ಕೃಷ್ಣವಿಲಾಸ ಸನ್ನಿಧಾನಗಳೆಂಬ ಮೂವರು ರಾಣಿಯರು. ಪೀಠಗಳ ಮೇಲೆ ಅವರವರ ಹೆಸರು. ಎಲ್ಲರೂ ದೇವಿಯತ್ತ ಕೈಮುಗಿದವರೇ. ದೇವಾಲಯಶಿಲ್ಪದಲ್ಲಿ ಇಂಥವನ್ನು ಭಕ್ತವಿಗ್ರಹವೆನ್ನುತ್ತಾರೆ. ದೊರೆ ಮೈಮೇಲೆ ಎಷ್ಟೇ ಆಭರಣ ಹೊತ್ತಿದ್ದರೂ ಇಲ್ಲಿ ಅವನ ಸ್ಥಾನ ದರ್ಶನಕ್ಕೆ ಬಂದವರ ಸಾಲಿನಲ್ಲಿ. ಸರದಿ ಒತ್ತಿಕೊಂಡು ಬರುವ ದಿನಗಳಲ್ಲಿ ಜನ ಈ ಪ್ರತಿಮೆಯನ್ನು ಹಾಯ್ದು ಮುಂದೆ ಹೋಗುತ್ತಾರೆ. ಮಕ್ಕಳು ಮಾತ್ರ ಅದು ಯಾವ ದೇವರೆಂದು ಕೇಳುತ್ತಾರೆ. ಅರಸನು ದೇವಿಯ ಬಲದಿಂದ ಆಳುತ್ತಾನೆಂಬ ಸಿದ್ಧಾಂತವನ್ನು ಪಂಡಿತರು ಎಷ್ಟು ಗ್ರಂಥಗಳಲ್ಲಿ ಬರೆದರೂ, ಈ ಪ್ರತಿಮೆಗಳಷ್ಟು ನೇರವಾಗಿ ಹೇಳಲಾರರು.

ನಾಲ್ವಡಿ ಕೃಷ್ಣರಾಜ ಒಡೆಯರ ಕಾಲಕ್ಕೆ ಬರುವ ವೇಳೆಗೆ ಈ ನಂಟಿಗೆ ಹೊಸ ಕಾಲದ ಸಲಕರಣೆಗಳೂ ಸೇರಿದವು. ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ತು ಕೆಲವೇ ವರ್ಷಗಳಲ್ಲಿ ಮೈಸೂರನ್ನು ತಲುಪಿತು. ಬಳಿಕ ದಸರೆಯೆಂದರೆ ದೀಪವೆಂಬಂತಾಗಿ, ಅರಮನೆಯೊಡನೆ ಬೆಟ್ಟವೂ ಬೆಳಗಿತು. ಬೆಟ್ಟದ ಮೇಲೆ ರಾಜೇಂದ್ರವಿಲಾಸ, ತಪ್ಪಲಿನಲ್ಲಿ ಲಲಿತಮಹಲು ಎದ್ದವು. ಆಸ್ಥಾನ ವಿದ್ವಾಂಸರಾಗಿದ್ದ ಹರಿಕೇಶನಲ್ಲೂರು ಮುತ್ತಯ್ಯ ಭಾಗವತರು ಚಾಮುಂಡಾಂಬೆಯ ಅಷ್ಟೋತ್ತರಶತ ನಾಮಗಳನ್ನು ಅನುಸರಿಸಿ ಕನ್ನಡದಲ್ಲಿ 108 ಕೃತಿಗಳಿಗೆ ಸಂಗೀತ ಕಟ್ಟಿದರು; ತಮಿಳುನಾಡಿನಿಂದ ಬಂದ ವಾಗ್ಗೇಯಕಾರರೊಬ್ಬರು ಮೈಸೂರಿನ ಬೆಟ್ಟದ ದೇವಿಗಾಗಿ ಕನ್ನಡಕ್ಕೆ ರಾಗ ಕೂರಿಸಿದ್ದು ಆ ಆಸ್ಥಾನದ ದೊಡ್ಡಸ್ತಿಕೆ. ಸಂಸ್ಥಾನದ ಗೀತೆಯಾಗಿದ್ದ, ಬಸವಪ್ಪ ಶಾಸ್ತ್ರಿಗಳು ಬರೆದ 'ಕಾಯೌ ಶ್ರೀಗೌರಿ' ಕೂಡ ದೊರೆಯನ್ನು ಕಾಪಾಡೆಂದು ದೇವಿಯಲ್ಲಿ ಮಾಡಿದ ಪ್ರಾರ್ಥನೆಯೇ. ಶಾಲೆಯ ಅಂಗಳದಲ್ಲಿ ಅದನ್ನು ಹಾಡಿದ ತಲೆಮಾರಿಗೆ ದೇವಿ, ದೊರೆ, ದೇಶ ಎಂಬ ಮೂರು ಮಾತುಗಳು ಒಂದೇ ಉಸಿರಿನಲ್ಲಿ ಬರುತ್ತಿದ್ದವು.

ಆ ತಲೆಮಾರಿನ ಜಂಬೂಸವಾರಿಯ ನೆನಪು ಇಂದಿನದಕ್ಕಿಂತ ಬೇರೆ. ವಿಜಯದಶಮಿಯ ದಿನ ಅಂಬಾರಿಯಲ್ಲಿ, ಅಂದರೆ ಆನೆಯ ಬೆನ್ನಿನ ಚಿನ್ನದ ಮಂಟಪದಲ್ಲಿ, ಕೂತು ಬರುತ್ತಿದ್ದವರು ಮಹಾರಾಜರು. ನಾಲ್ವಡಿಯವರು ತಮ್ಮ ಸೋದರ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ಹಾಗೂ ಸೋದರನ ಮಗ ಜಯಚಾಮರಾಜರೊಡನೆ ಕೂತ ದೃಶ್ಯ ಅರಮನೆಯ ಕಲ್ಯಾಣಮಂಟಪದ ಗೋಡೆಗಳ ಮೇಲಿನ ಚಿತ್ರಗಳಲ್ಲಿ ಉಳಿದಿದೆ. ರಾಜ್ಯ ಹೋದ ಮೇಲೆಯೂ, ರಾಜಪ್ರಮುಖರಾಗಿ, 1956ರ ಬಳಿಕ ರಾಜ್ಯಪಾಲರಾಗಿ, ಜಯಚಾಮರಾಜ ಒಡೆಯರು ಅದೇ ಅಂಬಾರಿಯಲ್ಲಿ ಬನ್ನಿಮಂಟಪಕ್ಕೆ ಹೋಗುತ್ತಿದ್ದರು. ಬೀದಿಯ ಇಕ್ಕೆಲಗಳಲ್ಲಿ ನಿಂತವರು ಅವರಿಗೆ ಕೈಮುಗಿದದ್ದು ಸಂವಿಧಾನದ ಹುದ್ದೆಗಲ್ಲವೆಂಬುದು ಎಲ್ಲರಿಗೂ ತಿಳಿದಿತ್ತು. 1971ರ ಕೊನೆಯಲ್ಲಿ ಸಂವಿಧಾನದ 26ನೆಯ ತಿದ್ದುಪಡಿ ರಾಜಧನವನ್ನೂ ರಾಜರೆಂಬ ಮಾನ್ಯತೆಯನ್ನೂ ತೆಗೆದುಹಾಕಿತು. ದೊರೆಯ ಸವಾರಿ ಆ ಸುಮಾರಿಗೆ ನಿಂತುಹೋಗಿ, ಖಾಲಿಯಾದ ಅಂಬಾರಿಯಲ್ಲಿ ಚಾಮುಂಡೇಶ್ವರಿಯ ಮೂರ್ತಿ ಬಂದು ಕೂತಿತು.

ಈ ಬದಲಾವಣೆಯನ್ನು ಸರ್ಕಾರಿ ಭಾಷಣಗಳಲ್ಲಿ ಅರಸೊತ್ತಿಗೆಯ ಹಬ್ಬ ಜನತೆಯ ಹಬ್ಬವಾದ ಘಟನೆಯೆಂದು ವರ್ಣಿಸುವುದು ವಾಡಿಕೆ. ಸವಾರಿಯ ಎರಡೂ ರೂಪಗಳನ್ನು ಕಂಡ ಹಳಬರು ಅದನ್ನು ಹಾಗೆ ನೆನೆಯುವುದಿಲ್ಲ. 'ಬುದ್ಧಿಯವರು ಕೂರಬೇಕಾದ ಕಡೆ ತಾಯಿ ಕೂತಿದ್ದಾಳೆ' ಎನ್ನುವ ಅವರ ಮಾತಿನಲ್ಲಿ ಕೊರಗೂ ಇದೆ, ಸಮಾಧಾನವೂ ಇದೆ. ವಿಚಾರ ಮಾಡಿದರೆ, ಹಿಂದೆ ವರ್ಧಂತಿಗೂ ರಥೋತ್ಸವಕ್ಕೂ ದೊರೆ ಬೆಟ್ಟವೇರಿ ದೇವಿಯಿದ್ದಲ್ಲಿಗೆ ಹೋಗುತ್ತಿದ್ದ. ಈಗ ಅಂಬಾರಿಯೇರಲು ದೇವಿಯೇ ಬೆಟ್ಟವಿಳಿದು ಅರಮನೆಯ ಅಂಗಳಕ್ಕೆ ಬರುತ್ತಾಳೆ, ಮುಖ್ಯಮಂತ್ರಿ ಪುಷ್ಪಾರ್ಚನೆ ಮಾಡುತ್ತಾರೆ. ಪರ್ವತದ ದೈವವನ್ನು ಪೂಜಿಸಲು ಹತ್ತಿಹೋಗಬೇಕೆಂಬುದು ವಿಜಯವಾಡದ ಇಂದ್ರಕೀಲಾದ್ರಿಯ ಕನಕದುರ್ಗೆಯ ವಿಷಯದಲ್ಲೂ ಕಾಣುವ ನಿಯಮ. ಗಣತಂತ್ರದ ಮೈಸೂರು ತನ್ನ ಹಬ್ಬದ ನಡುವಿನ ಖಾಲಿ ಜಾಗವನ್ನು ತುಂಬಲು ಈ ನಿಯಮವನ್ನೇ ತಿರುಗಿಸಬೇಕಾಯಿತು. ಸಿಂಹಾಸನಕ್ಕೆ ಬದಲಿ ಸಿಕ್ಕಿತು, ಅಂಬಾರಿಗೆ ಮನುಷ್ಯರಲ್ಲಿ ಬದಲಿ ಸಿಕ್ಕಲಿಲ್ಲ.

ಅರಮನೆಯ ಲೆಕ್ಕದ ಹೊರಗೆ ಇನ್ನೊಬ್ಬ ಚಾಮುಂಡಿಯಿದ್ದಾಳೆ. ಸುತ್ತಲ ಹಳ್ಳಿಗಳ ಹಾಡುಗಳಲ್ಲಿ ಆಕೆ ನಂಜನಗೂಡಿನ ನಂಜುಂಡನಿಗೆ ಮನಸೋತವಳು. ಅವನ ಹೆಂಡತಿಯೊಡನೆ ಸವತಿಜಗಳ ಆಡುವವಳು. ಕೋಪ ಬಂದರೆ ಬೈಯುವವಳು, ಅಳುವವಳು. ದೇವೀ ಮಹಾತ್ಮ್ಯೆಯಲ್ಲಿ ರಕ್ತಬೀಜನ ನೆತ್ತರು ನೆಲಕ್ಕೆ ಬಿದ್ದಲ್ಲೆಲ್ಲ ಹೊಸ ರಕ್ಕಸರು ಹುಟ್ಟುವಾಗ ಅದನ್ನು ಹೀರಿಬಿಡುವವಳು ಚಾಮುಂಡೆಯೇ. ಹಳ್ಳಿಯ ಕಥೆಯಲ್ಲಿ ಆ ಕೆಲಸಕ್ಕೆ ನಾಲಗೆ ಚಾಚುವವಳು ತಂಗಿ ಉತ್ತನಹಳ್ಳಿಯಮ್ಮ. ಬೆಟ್ಟದ ತಪ್ಪಲಿನ ಉತ್ತನಹಳ್ಳಿಯಲ್ಲಿ ಜ್ವಾಲಾಮುಖಿ ತ್ರಿಪುರಸುಂದರಿ ಎಂಬ ಶಾಸ್ತ್ರೋಕ್ತ ಹೆಸರಿನಲ್ಲಿ ಅವಳ ಗುಡಿಯಿದೆ. ಬೆಟ್ಟಕ್ಕೆ ಹೋದವರು ತಂಗಿಯನ್ನೂ ನೋಡಿಕೊಂಡು ಬರಬೇಕೆಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. ಈ ಕಥೆಗಳಿಗೆ ದೊರೆ ಬೇಕಾಗಿಯೇ ಇಲ್ಲ. ಅಕ್ಕತಂಗಿಯರು, ಗಂಡು, ಸವತಿ, ರಕ್ಕಸ, ಇಷ್ಟು ಜನ ಸಾಕು.

ಆಷಾಢದ ಶುಕ್ರವಾರಗಳಲ್ಲಿ ಈ ಎರಡು ಲೋಕಗಳೂ ದೊಡ್ಡ ದೇವರಾಜರ ಮೆಟ್ಟಿಲುಗಳ ಮೇಲೆ ಒಂದಾಗುತ್ತವೆ. ಬೆಳಕು ಹರಿಯುವ ಮೊದಲೇ ಬುಡದಲ್ಲಿ ಹೆಂಗಸರು ಬಟ್ಟಲುಗಳಲ್ಲಿ ಅರಿಶಿನ ಕುಂಕುಮ ಹಿಡಿದು ನಿಂತಿರುತ್ತಾರೆ. ಹರಕೆ ಹೊತ್ತವರು ಪ್ರತಿ ಮೆಟ್ಟಿಲಿಗೂ ಬಗ್ಗಿ, ಬೆರಳಿನಿಂದ ಅರಿಶಿನ ಹಚ್ಚಿ, ಅದರ ನಡುವೆ ಕುಂಕುಮವಿಟ್ಟು ಮುಂದಿನ ಮೆಟ್ಟಿಲಿಗೆ ಏರುತ್ತಾರೆ. ಹಿಂದೆ ಬಂದವರು ಅದರ ಮೇಲೇ ಮತ್ತೆ ಹಚ್ಚುತ್ತಾರೆ. ಆಷಾಢದ ತುಂತುರಿಗೆ ಬಣ್ಣ ಕದಡಿ ಕಲ್ಲಿನ ಅಂಚಿನಿಂದ ಇಳಿಯುತ್ತದೆ, ಕಾಲು ಜಾರುತ್ತದೆ, ಪೊರಕೆ ಹಿಡಿದವರಿಗೆ ಶನಿವಾರ ಪೂರ್ತಿ ಕೆಲಸ. ದೊರೆ ಹಾಕಿಸಿದ ಮೆಟ್ಟಿಲಿಗೆ ಪೂಜೆ ಸಲ್ಲುತ್ತಿದೆ, ಹಾಕಿಸಿದ ದೊರೆಯ ಹೆಸರು ಬಹುಮಂದಿಗೆ ಗೊತ್ತಿಲ್ಲ.

ರಾಜಪೂಜೆ ಮಾತ್ರ ಅರಮನೆಯೊಳಗೆ ತನ್ನ ಪಾಡಿಗೆ ನಡೆದೇ ಇದೆ. ನವರಾತ್ರಿಗೆ ಮೊದಲು ಬಿಡಿಬಿಡಿಯಾಗಿ ಇರಿಸಿದ್ದ ರತ್ನಸಿಂಹಾಸನವನ್ನು ಹೊರತಂದು ಜೋಡಿಸುವುದು, ಮೊದಲ ದಿನ ಅದಕ್ಕೆ ಸಿಂಹದ ಮುಖವನ್ನು ಕೂಡಿಸುವ 'ಸಿಂಹ ಜೋಡಣೆ', ಮನೆತನದ ಯಜಮಾನರ ಕೈಗೆ ವ್ರತದ ಗುರುತಾಗಿ ದಾರ ಕಟ್ಟುವ ಕಂಕಣಧಾರಣೆ, ಖಾಸಗಿ ದರ್ಬಾರು, ಇವು 2013ರಲ್ಲಿ ಶ್ರೀಕಂಠದತ್ತ ನರಸಿಂಹರಾಜ ಒಡೆಯರು ತೀರಿಕೊಂಡು, 2015ರಲ್ಲಿ ದತ್ತುಪುತ್ರ ಯದುವೀರ ಕೃಷ್ಣದತ್ತ ಚಾಮರಾಜ ಒಡೆಯರಿಗೆ ಪಟ್ಟವಾದ ಮೇಲೂ ಮುಂದುವರಿದಿವೆ. 'ಖಾಸಗಿ' ಎಂಬ ವಿಶೇಷಣವನ್ನು ದರ್ಬಾರಿಗೆ ಸೇರಿಸಬೇಕಾಗಿ ಬಂದದ್ದೇ ಕಾಲದ ಗುರುತು. ಬೆಟ್ಟದ ಮೇಲಿನ ಹಕ್ಕಿನ ಮಾತು ಅಷ್ಟು ಸುಲಭವಾಗಿ ಇತ್ಯರ್ಥವಾಗಿಲ್ಲ. 2024ರಲ್ಲಿ ರಾಜ್ಯ ಸರ್ಕಾರ ಚಾಮುಂಡೇಶ್ವರಿ ಕ್ಷೇತ್ರ ಅಭಿವೃದ್ಧಿ ಪ್ರಾಧಿಕಾರವನ್ನು ಕಾಯಿದೆಯ ಮೂಲಕ ರಚಿಸಿದಾಗ ರಾಜಮನೆತನದವರು ಹೈಕೋರ್ಟಿನ ಮೊರೆಹೋದರು. ಕುಲದೇವತೆ ಎಂಬ ಪದವಿಯೂ ನಾಡದೇವತೆ ಎಂಬ ಪದವಿಯೂ ಒಂದೇ ಎಂದು ಶತಮಾನಗಳ ಕಾಲ ಯಾರೂ ಬಿಡಿಸಿ ನೋಡದೆ ಇದ್ದದ್ದು ಈಗ ವಕೀಲರ ಕೈಗೆ ಬಂದಿದೆ.

ವಿಜಯದಶಮಿ ಮುಗಿದು, ಹೊರಊರಿನ ಪ್ರವಾಸಿಗಳು ಊರು ಬಿಟ್ಟ ಮೇಲೆ, ಆಶ್ವಯುಜದ ಹುಣ್ಣಿಮೆಯ ಆಸುಪಾಸಿಗೆ ಬೆಟ್ಟದ ಮೇಲೆ ದೇವಿಯ ಮಹಾರಥೋತ್ಸವ ನಡೆಯುತ್ತದೆ. ದಸರೆಯಷ್ಟು ಹೆಸರು ಅದಕ್ಕಿಲ್ಲ, ಆದರೆ ಸ್ಥಳೀಯರಿಗೆ ಅದೇ ನಿಜವಾದ ಜಾತ್ರೆ. ಕುಶಾಲತೋಪು ಹಾರಿದೊಡನೆ ರಾಜಮನೆತನದವರು ತೇರಿನ ಹಗ್ಗಕ್ಕೆ ಕೈಹಚ್ಚುತ್ತಾರೆ, ಜವನ ಬಾಳೆಹಣ್ಣು ಎಸೆಯುತ್ತ ಜನ ಹಿಂದಿನಿಂದ ನುಗ್ಗುತ್ತಾರೆ, ತೇರು ಗುಡಿಯ ಸುತ್ತ ಒಂದು ಸುತ್ತು ಬರುತ್ತದೆ. ಬಳಿಕ ದೇವಿಕೆರೆಯಲ್ಲಿ ತೆಪ್ಪೋತ್ಸವ ನಡೆದು ಆ ಜಾತ್ರೆ ಕೊನೆಗೊಳ್ಳುತ್ತದೆ.